ಓಟದ ಯಾವ ಕಿಲೋಮೀಟರಿಗೆ ಕೇಕ್ ಅಂಗಡಿ? ಕೊನೆ, ನಡುದಾರಿ, ಸರಣಿ, ಪಾರ್ಸಲ್: ಯಾವುದು ಯಾರಿಗೆ

ಓಟವನ್ನೂ ಕೇಕನ್ನೂ ಒಟ್ಟಿಗೆ ಇಟ್ಟುಕೊಳ್ಳಬೇಕು ಎಂದು ಹೊರಡುವವರು ಸಾಮಾನ್ಯವಾಗಿ ಮೊದಲು ಒಳ್ಳೆಯ ಕೇಕ್ ಎಲ್ಲಿ ಸಿಗುತ್ತದೆ ಎಂದು ಹುಡುಕುತ್ತಾರೆ, ಆಮೇಲೆ ಅಲ್ಲಿಗೆ ದಾರಿ ಗುರುತು ಮಾಡಿಕೊಳ್ಳುತ್ತಾರೆ. ಎಡವಟ್ಟಾಗುವುದು ಇಲ್ಲೇ. 6ನೇ ಕಿಲೋಮೀಟರಿನಲ್ಲಿ ಒಂದು ದಪ್ಪ ತುಂಡು ಚೀಸ್‌ಕೇಕ್ ತಿಂದು ಇನ್ನೂ 6 ಕಿ.ಮೀ. ಓಡುವವರಿಗೆ ಹೊಟ್ಟೆ ತೊಳಸುತ್ತದೆ, ಹುಳಿತೇಗು ಬರುತ್ತದೆ. ಅದೇ ತುಂಡು 12ನೇ ಕಿಲೋಮೀಟರಿಗೆ ಸಿಕ್ಕಿದ್ದರೆ ಯಾವ ತಕರಾರೂ ಇಲ್ಲ. ತಪ್ಪು ಕೇಕಿನದಲ್ಲ, ಅಂಗಡಿ ಬಂದ ಜಾಗದ್ದು.

ಹಾಗಾಗಿ ಮೊದಲು ತೀರ್ಮಾನ ಆಗಬೇಕಾದ್ದು ಓಟದಲ್ಲಿ ಅಂಗಡಿ ಎಲ್ಲಿ ಬರುತ್ತದೆ ಎನ್ನುವುದು. ಯಾವ ಕೇಕ್, ಎಷ್ಟು ದೊಡ್ಡ ತುಂಡು, ಎಷ್ಟು ಹೊತ್ತಿಗೆ ಮನೆ ಬಿಡಬೇಕು, ಬೆನ್ನಿಗೆ ಚೀಲ ಬೇಕೋ ಬೇಡವೋ, ಇವೆಲ್ಲ ಅದರ ಹಿಂದೆ ತಾವಾಗಿಯೇ ಬರುತ್ತವೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲಿ ಹೇಳುತ್ತಿರುವುದೆಲ್ಲ ಪಕ್ಕದವರ ಜೊತೆ ಮಾತಾಡಿಕೊಂಡು ಓಡಬಹುದಾದ ನಿಧಾನ ಓಟಕ್ಕೆ. ವೇಗದ ಅಭ್ಯಾಸಕ್ಕೆ ಸಿಗ್ನಲ್ಲು, ಫುಟ್‌ಪಾತು, ಜನಜಂಗುಳಿ ಇರುವ ದಾರಿ ಹೇಗೂ ಒಗ್ಗುವುದಿಲ್ಲ. ಜೋರಾಗಿ ಓಡಿ ನಿಂತ ತಕ್ಷಣ ಹಸಿವೂ ಸತ್ತಿರುತ್ತದೆ. ಒಳ್ಳೆಯ ಕೇಕಿನ ಮುಂದೆ ಹಸಿವಿಲ್ಲದೆ ಕೂರುವುದಕ್ಕಿಂತ ಆ ದಿನ ಅಂಗಡಿ ಬಿಟ್ಟುಬಿಡುವುದೇ ವಾಸಿ.

ಕೊನೆಯಲ್ಲಿ ಅಂಗಡಿ

ಎಲ್ಲಕ್ಕಿಂತ ಸುಲಭದ್ದು ಇದೇ. ಮನೆಯಿಂದ ಹೊರಟು ಅಂಗಡಿಯ ಬಾಗಿಲಲ್ಲಿ ಓಟ ಮುಗಿಸಿ, ವಾಪಸ್ ಬಸ್ಸಿನಲ್ಲೋ ರೈಲಿನಲ್ಲೋ ಬರುವುದು. ಹೊಟ್ಟೆ ಕುಲುಕುವ ಭಯವಿಲ್ಲ. ಇಡೀ ಷೋಕೇಸಿನಲ್ಲಿ ಬೇಕಾದ್ದನ್ನು ಆರಿಸಬಹುದು. ಕ್ರೀಮ್, ನೊರೆಯಂತೆ ಮೆತ್ತಗಿರುವ ಮೂಸ್, ಚೀಸ್‌ಕೇಕ್, ಪದರಪದರದ ಪೇಸ್ಟ್ರಿ, ಮುಳ್ಳುಚಮಚ ಹಿಡಿದು ಕೂತು ತಿನ್ನಬೇಕಾದ್ದೆಲ್ಲ ಈ ಬಗೆಯ ಓಟಕ್ಕೇ ಸೇರಿದ್ದು. ಹೊಸದಾಗಿ ಶುರು ಮಾಡುವವರು ಬೇರೆ ಯೋಚನೆ ಮಾಡದೆ ಇದನ್ನೇ ಹಿಡಿಯಲಿ.

ಇಲ್ಲಿ ತೊಂದರೆ ಕೊಡುವುದು ಹೊಟ್ಟೆಯಲ್ಲ, ಬೆವರು. ಓಡುವಾಗ ಮೈಯ ಬಿಸಿಯನ್ನು ಇಳಿಸುತ್ತಿದ್ದ ಒದ್ದೆ ಬನಿಯನ್ನೇ ನಿಂತ 5 ನಿಮಿಷಕ್ಕೆಲ್ಲ ಚಳಿ ಹುಟ್ಟಿಸಲು ಶುರು ಮಾಡುತ್ತದೆ. ಕೇಕ್ ಅಂಗಡಿಗಳು ಕ್ರೀಮಿನ ಸಲುವಾಗಿ ಒಳಗೆ ತಂಪಾಗಿಯೇ ಇರುತ್ತವೆ, ಏಸಿ ಇದ್ದರಂತೂ ಕೇಳುವುದೇ ಬೇಡ. ಒಂದು ತೆಳ್ಳನೆಯ ಒಣ ಅಂಗಿ, ಕರವಸ್ತ್ರದಷ್ಟು ಅಗಲದ ಟವೆಲ್ಲು, ಎರಡೂ ಸೊಂಟದ ಚೀಲದಲ್ಲಿ ಹಿಡಿಯುತ್ತವೆ. ಅವನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಇಡಿ. ಇಲ್ಲವಾದರೆ ಚೀಲದೊಳಗೇ ಬೆವರು ಇಳಿದು ಒಣ ಅಂಗಿಯೂ ಒದ್ದೆಯಾಗಿರುತ್ತದೆ. ನೋಟು, ಕಾರ್ಡು, ಫೋನಿಗೂ ಇದೇ ಉಪಾಯ. ಬೆವರು ಹತ್ತಿದ ಫೋನಿನ ಪರದೆ ಬೆರಳಿಗೆ ಸರಿಯಾಗಿ ಸ್ಪಂದಿಸುವುದಿಲ್ಲ, ಬೆರಳಚ್ಚನ್ನೂ ಒಪ್ಪುವುದಿಲ್ಲ. ಬಿಲ್ ಕೊಡುವ ಹೊತ್ತಿಗೆ ಕೌಂಟರಿನ ಮುಂದೆ ನಿಂತು ಪರದೆ ಒರೆಸುತ್ತಾ ಇರಬೇಕಾಗುತ್ತದೆ, ಹಿಂದೆ ಸಾಲು ಬೆಳೆಯುತ್ತಾ ಇರುತ್ತದೆ.

ಅಂಗಡಿಯ ಬಾಗಿಲವರೆಗೂ ಓಡಬೇಡಿ. ಕೊನೆಯ 500 ಮೀಟರಿನಿಂದ 1 ಕಿ.ಮೀ.ವರೆಗೆ ನಡೆಯಿರಿ. ಉಸಿರು ತಹಬಂದಿಗೆ ಬರುತ್ತದೆ, ಬೆವರು ಅರ್ಧ ಇಳಿಯುತ್ತದೆ. ಏದುಸಿರು ಬಿಡುತ್ತಾ ನೇರ ಕೌಂಟರಿಗೆ ಹೋದರೆ ಅಲ್ಲಿರುವವರಿಗೂ ಮುಜುಗರ. ಒಳಗೆ ಹೋದ ಮೇಲೆ ಮೊದಲು ನೀರು, 300ರಿಂದ 400 ಮಿ.ಲೀ., ಗುಟುಕು ಗುಟುಕಾಗಿ. ಒಣಗಿದ ಬಾಯಿಗೆ ಕೇಕ್ ಅಂಟುತ್ತದೆ, ರುಚಿಯೂ ಅರ್ಧ ತಿಳಿಯುವುದಿಲ್ಲ. ಜಾಗವಿದ್ದರೆ ಹೊರಗಿನ ಕುರ್ಚಿ ಹಿಡಿಯಿರಿ. ಬಟ್ಟೆ ಹೊದಿಸಿದ ಸೋಫಾ ಖಾಲಿ ಕಂಡರೂ ಟವೆಲ್ ಹಾಸದೆ ಕೂರಬೇಡಿ.

ಒಂದೂವರೆ ಗಂಟೆಗಿಂತ ಉದ್ದದ ಓಟವಾದರೆ ಕೇಕ್ ಒಂದರಿಂದಲೇ ಆಗುವುದಿಲ್ಲ. ಅದರಲ್ಲಿ ಸಕ್ಕರೆ, ಪಿಷ್ಟ ಧಾರಾಳ. ಪ್ರೋಟೀನು, ಉಪ್ಪು ಕಡಿಮೆ. ದಣಿದ ಸ್ನಾಯು ಕೇಳುವ 20ರಿಂದ 25 ಗ್ರಾಂ ಪ್ರೋಟೀನು ಒಂದು ತುಂಡು ಚೀಸ್‌ಕೇಕಿನಿಂದಲೂ ಸಿಗುವುದಿಲ್ಲ, ಅದರಲ್ಲಿರುವುದು 6–7 ಗ್ರಾಂ ಅಷ್ಟೇ. ಜೊತೆಗೊಂದು ದೊಡ್ಡ ಲೋಟ ಹಾಲಿನ ಕಾಫಿ, ಆಮೇಲೆ ಮನೆಯಲ್ಲಿ ಸರಿಯಾದ ಊಟ ಎಂದಿಟ್ಟುಕೊಂಡರೆ ಸಾಕು. ಬೇಸಿಗೆಯಲ್ಲಿ ತುಂಬ ಬೆವರಿದ್ದರೆ ಕೇಕಿಗಿಂತ ಮೊದಲು ಉಪ್ಪಿನದೇನಾದರೂ ಸ್ವಲ್ಪ ಬಾಯಿಗೆ ಹಾಕಿಕೊಳ್ಳಿ.

ನಡುದಾರಿಯಲ್ಲಿ ಅಂಗಡಿ

ಮನೆಯಿಂದ ಹೊರಟು, ಅಂಗಡಿ ಮುಟ್ಟಿ, ಓಡಿಕೊಂಡೇ ಮನೆಗೆ ವಾಪಸ್. ಬಸ್ಸಿನ ಗೊಡವೆ ಇಲ್ಲ, ಒಣ ಅಂಗಿ ಬೇಕೇ ಬೇಕೆಂದಿಲ್ಲ, ಹೊರಟಲ್ಲಿಗೇ ಬಂದು ಮುಟ್ಟುತ್ತೀರಿ. ಹೇಳಲು ಸುಲಭ, ಮಾಡಲು ಎಲ್ಲಕ್ಕಿಂತ ಕಷ್ಟ. ಹೆಚ್ಚಿನವರು ಕೈಸುಟ್ಟುಕೊಳ್ಳುವುದು ಇದರಲ್ಲೇ.

ಕಾರಣ ಇಷ್ಟು. ಓಡುವಾಗ ರಕ್ತ ಕಾಲಿನ ಸ್ನಾಯುಗಳಿಗೂ ಚರ್ಮಕ್ಕೂ ಹೆಚ್ಚಾಗಿ ಹರಿಯುತ್ತದೆ, ಜಠರ ಮತ್ತು ಕರುಳಿನ ಪಾಲು ಕಡಿಮೆಯಾಗುತ್ತದೆ. ತಿಂದದ್ದು ಜಠರದಿಂದ ಮುಂದಕ್ಕೆ ಸರಿಯಲು ಹೊತ್ತು ಹಿಡಿಯುತ್ತದೆ. ಅದರಲ್ಲಿ ಕೊಬ್ಬಿನ ಅಂಶ ಹೆಚ್ಚಿದ್ದಷ್ಟೂ ಇನ್ನೂ ನಿಧಾನ, ಏಕೆಂದರೆ ಕೊಬ್ಬು ಸಣ್ಣಕರುಳಿಗೆ ಮುಟ್ಟಿದ ಕೂಡಲೇ ಜಠರಕ್ಕೆ ನಿಧಾನ ಮಾಡೆಂದು ಸೂಚನೆ ಹೋಗುತ್ತದೆ. ಇದರ ಮೇಲೆ ಪ್ರತಿ ಹೆಜ್ಜೆಗೂ ಮೈ ಮೇಲೆ ಕೆಳಗೆ ಕುಲುಕುತ್ತಿರುತ್ತದೆ. ಪಕ್ಕೆ ಹಿಡಿಯುವುದು, ತೇಗು, ವಾಕರಿಕೆ ಎಲ್ಲ ಇಲ್ಲಿಂದ ಹುಟ್ಟಿದ್ದು.

ಆದ್ದರಿಂದ ನಡುದಾರಿಯ ಕೇಕನ್ನು ಅಳೆಯುವ ಮೊದಲ ಅಳತೆ ಸಿಹಿಯಲ್ಲ, ಜಿಡ್ಡು. ಬೆಣ್ಣೆ ಹಾಕದ ಬರೀ ಸ್ಪಂಜ್ ಕೇಕ್ 70 ಗ್ರಾಂ ತುಂಡಿನಲ್ಲಿ ಸಕ್ಕರೆ, ಪಿಷ್ಟ ಸೇರಿ 40 ಗ್ರಾಮಿನ ಆಸುಪಾಸು, ಕೊಬ್ಬು ಎರಡು ಗ್ರಾಂ ಚಿಲ್ಲರೆ. ಮೊಟ್ಟೆಯ ಬಿಳಿಯಿಂದಲೇ ಮಾಡುವ ಏಂಜೆಲ್ ಕೇಕಿನಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಇತ್ತ 120 ಗ್ರಾಮಿನ ಚೀಸ್‌ಕೇಕ್ ತುಂಡಿನಲ್ಲಿ ಸಕ್ಕರೆ, ಪಿಷ್ಟ 30 ಗ್ರಾಂ, ಕೊಬ್ಬು 27 ಗ್ರಾಂ ಹತ್ತಿರ. ಅಂದರೆ ತೂಕ ಹೆಚ್ಚು, ಓಡುವ ಕಾಲಿಗೆ ಬೇಗ ಸಿಗುವ ಇಂಧನ ಕಡಿಮೆ, ಹೊಟ್ಟೆಯಲ್ಲಿ ಕೂರುವ ಹೊತ್ತು ಜಾಸ್ತಿ. ಕ್ಯಾರೆಟ್ ಕೇಕಿನ ಹೆಸರಲ್ಲಿ ತರಕಾರಿ ಇದೆ ಎಂದು ಅದನ್ನು ಹಗುರವೆಂದು ಎಣಿಸುವುದು ದೊಡ್ಡ ಮೋಸ. ಎಣ್ಣೆ ಹಾಕಿದ ಹಿಟ್ಟು, ಮೇಲೆ ಕ್ರೀಮ್ ಚೀಸಿನ ಐಸಿಂಗು ಸೇರಿ 100 ಗ್ರಾಮಿಗೆ 25 ಗ್ರಾಂ ಕೊಬ್ಬು ದಾಟಬಹುದು. ಬಟರ್‌ಕ್ರೀಮ್ ಎಂದರೆ ಬಹುಪಾಲು ಬೆಣ್ಣೆ, ಸಕ್ಕರೆಯೇ. ಅದಿರುವ ಕೇಕ್ ತೆಗೆದುಕೊಂಡರೆ ಮೇಲಿನ ಪದರವನ್ನು ತಟ್ಟೆಯ ಅಂಚಿಗೆ ಸರಿಸಿ ಕೆಳಗಿನದಷ್ಟನ್ನು ತಿನ್ನುವ ಗಟ್ಟಿ ಮನಸ್ಸಿರಬೇಕು.

ಷೋಕೇಸಿನ ಮುಂದೆ ನಿಂತಾಗ ಜಿಡ್ಡು ಪತ್ತೆ ಮಾಡಲು ಒಂದು ದಾರಿಯಿದೆ: ಕೇಕ್ ಕೆಳಗಿನ ಕಾಗದ ನೋಡಿ. ಎಣ್ಣೆಬೆಣ್ಣೆ ಹೆಚ್ಚಿದ್ದರೆ ಕಾಗದ ಅರೆಪಾರದರ್ಶಕವಾಗಿ ಕಪ್ಪಿಟ್ಟಿರುತ್ತದೆ. ಸ್ಪಂಜಿನ ಕೆಳಗೆ ಅದು ಬಹುತೇಕ ಒಣಗಿಯೇ ಇರುತ್ತದೆ, ಅಲ್ಲಲ್ಲಿ ಸಕ್ಕರೆಯ ಅಂಟು ಮಾತ್ರ. ಜ್ಯಾಮ್ ಸವರಿದ ಸ್ವಿಸ್ ರೋಲು ನಡುದಾರಿಗೆ ಒಳ್ಳೆಯ ಆಯ್ಕೆ. ಕ್ರೀಮ್ ತುಂಬಿದ ರೋಲು ಅದೇ ಆಕಾರದಲ್ಲಿದ್ದರೂ ಬೇರೆಯದೇ ಪದಾರ್ಥ. ಚಿಪ್ಪಿನ ಆಕಾರದ ಪುಟ್ಟ ಕೇಕ್ ಮಾಡ್ಲಿನ್‌ನಲ್ಲಿ ಬೆಣ್ಣೆ ಸಾಕಷ್ಟಿದ್ದರೂ ಗಾತ್ರ ಚಿಕ್ಕದು, ಒಂದು ತಿಂದು ನಿಲ್ಲಿಸುವವರಿಗೆ ಅಡ್ಡಿಯಿಲ್ಲ.

ಇನ್ನು ದೂರದ ಹಂಚಿಕೆ. ಅಂಗಡಿಯನ್ನು ಸರಿಯಾಗಿ ಅರ್ಧದಾರಿಗೆ ಇಡಬೇಡಿ. ಒಟ್ಟು 10 ಕಿ.ಮೀ. ಎಂದುಕೊಂಡರೆ ಹೋಗುವಾಗ ಸುತ್ತುಬಳಸಿ 7, ಬರುವಾಗ ನೇರ ದಾರಿಯಲ್ಲಿ 3. ಈ 3 ಎಲ್ಲಿಂದ ಬಂತೆಂದರೆ, ಹೊಟ್ಟೆ ಕೈಕೊಟ್ಟರೆ ಅಷ್ಟು ದೂರವನ್ನು 40 ನಿಮಿಷದೊಳಗೆ ನಡೆದೇ ಮುಗಿಸಬಹುದು. ಅಂಗಡಿಯ ನಂತರದ ದೂರ ಯಾವತ್ತೂ ಬೇಸರವಿಲ್ಲದೆ ನಡೆಯಬಹುದಾದಷ್ಟೇ ಇರಲಿ. ಆ ಭಾಗ ಸಮತಟ್ಟಾಗಿದ್ದರೆ ಒಳ್ಳೆಯದು; ಇಳಿಜಾರು ಕಾಲಿಗೆ ಸುಲಭ ಕಂಡರೂ ಹೆಜ್ಜೆ ಬೀಳುವ ರಭಸಕ್ಕೆ ಹೊಟ್ಟೆ ಹೆಚ್ಚು ಕುಲುಕುತ್ತದೆ. ಗಾಳಿ ಬೀಸುವ ದಿನ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಗಾಳಿ ಸಿಗುವಂತೆ ಅಂಗಡಿ ಆರಿಸಿ. ಕೂತು ತಣ್ಣಗಾದ ಮೈಗೆ, ಒದ್ದೆ ಅಂಗಿಯ ಮೇಲೆ ಎದುರುಗಾಳಿ ಹೊಡೆದರೆ ಮೊದಲ ಕಿಲೋಮೀಟರು ನಡುಕದಲ್ಲೇ ಕಳೆಯುತ್ತದೆ.

ಅಂಗಡಿಯಲ್ಲಿ ಕೂರುವ ಹೊತ್ತಿನ ವಿಷಯದಲ್ಲಿ ಎರಡು ಕಡೆಯ ಎಳೆದಾಟವಿದೆ. ಹೊಟ್ಟೆಗೆ ಹೆಚ್ಚು ಹೊತ್ತು ಬೇಕು, ಕಾಲಿಗೆ ಕಡಿಮೆ. 20 ನಿಮಿಷ ದಾಟಿತೆಂದರೆ ಮೀನಖಂಡ, ತೊಡೆಯ ಹಿಂಭಾಗ ಬಿಗಿಯಲು ಶುರುವಾಗುತ್ತವೆ. ಹಾಗೆಂದು 5 ನಿಮಿಷದಲ್ಲಿ ಎದ್ದರೆ ಕೇಕ್ ಇನ್ನೂ ಗಂಟಲ ಕೆಳಗೇ ಇದ್ದಂತೆ. 15ರಿಂದ 20 ನಿಮಿಷ ಸರಿಯಾದ ಮಧ್ಯ. ಎದ್ದ ಮೇಲೆ 5 ನಿಮಿಷ ನಡೆದು, ಆಮೇಲೆ ಹೋಗುವಾಗಿನ ವೇಗಕ್ಕಿಂತ ಕಿಲೋಮೀಟರಿಗೆ ಅರ್ಧ ನಿಮಿಷವಾದರೂ ನಿಧಾನವಾಗಿ ಓಡಿ. 70 ಗ್ರಾಂ ಸ್ಪಂಜಿಗೆ ಇಷ್ಟು ಸಾಕು. ಕ್ರೀಮು, ಚೀಸು ಇರುವ ದೊಡ್ಡ ತುಂಡಿಗೆ ಎರಡು ಗಂಟೆಯೂ ಬೇಕಾದೀತು, ಅಂದರೆ ಅದನ್ನು ತಿಂದರೆ ಆ ದಿನದ ಓಟ ಅಲ್ಲಿಗೇ ಮುಗಿಯಿತು.

ಕುಡಿಯುವುದು ನೀರು, 150ರಿಂದ 200 ಮಿ.ಲೀ. ಸೋಡಾ ತುಂಬಿದ ಪಾನೀಯ ಬೇಡವೇ ಬೇಡ, ಗಾಳಿ ಹೊಟ್ಟೆಯಲ್ಲಿ ಸಿಕ್ಕಿ ಪಕ್ಕೆ ಹಿಡಿಯುತ್ತದೆ. ಹಾಲಿನ ಕಾಫಿಯನ್ನು ಕೊನೆಯ ಅಂಗಡಿಗೆ ಉಳಿಸಿಕೊಳ್ಳಿ. ಕಾಫಿ ಬೇಕೇಬೇಕೆಂದರೆ ಚಿಕ್ಕ ಕಪ್ಪಿನಲ್ಲಿ ಹಾಲಿಲ್ಲದ್ದು. ಕಾಫಿ ಕರುಳನ್ನು ಚುರುಕುಗೊಳಿಸುತ್ತದೆ, ಓಟವೂ ಅದನ್ನೇ ಮಾಡುತ್ತದೆ. ಎರಡೂ ಸೇರಿದಾಗ ಅಂಗಡಿಯಲ್ಲಿ ಶೌಚಾಲಯ ಇದೆಯೇ ಎಂಬುದು ಕೇಕಿನ ರುಚಿಗಿಂತ ದೊಡ್ಡ ಪ್ರಶ್ನೆ. ಹೊರಡುವ ಮುಂಚೆಯೇ ಒಮ್ಮೆ ಒಳಗೆ ಹೋಗಿ ಬನ್ನಿ.

ಒಂದು ಗಂಟೆಗಿಂತ ಕಡಿಮೆ ಓಟದಲ್ಲಿ ನಡುವೆ ತಿನ್ನುವ ಅಗತ್ಯ ಮೈಗೆ ಇಲ್ಲ, ಸ್ನಾಯು, ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯ ದಾಸ್ತಾನು, ಅಂದರೆ ಗ್ಲೈಕೋಜನ್ನೇ ಸಾಕಾಗುತ್ತದೆ. ಅಷ್ಟು ದೂರಕ್ಕೆ ನಡುದಾರಿಯ ಕೇಕ್ ಬರೀ ಬಾಯಿಚಪಲ, ಅದರಲ್ಲಿ ತಪ್ಪೇನಿಲ್ಲ. ಗಂಟೆ ದಾಟಿದ ಓಟದಲ್ಲಿ ಗಂಟೆಗೆ 30ರಿಂದ 60 ಗ್ರಾಂ ಸಕ್ಕರೆ, ಪಿಷ್ಟ ತೆಗೆದುಕೊಳ್ಳುವುದು ರೂಢಿ. ಮೇಲಿನ ಸ್ಪಂಜ್ ತುಂಡು ಆ ಲೆಕ್ಕಕ್ಕೆ ಸರಿಹೊಂದುತ್ತದೆ. ಅಂದರೆ 15–16 ಕಿ.ಮೀ. ಓಡುವವರಿಗೆ ನಡುದಾರಿಯ ಅಂಗಡಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ, 6 ಕಿ.ಮೀ. ಓಡುವವರಿಗೆ ಕೊನೆಯ ಅಂಗಡಿಯೇ ಸರಿ.

ಒಂದಕ್ಕಿಂತ ಹೆಚ್ಚು ಅಂಗಡಿ

ಒಂದೇ ಓಟದಲ್ಲಿ ಎರಡು ಮೂರು ಅಂಗಡಿ ಮುಟ್ಟುವುದು ಗುಂಪಿಗೆ ಹೇಳಿ ಮಾಡಿಸಿದ್ದು. ಒಬ್ಬರೇ ಹೋದರೆ ಪ್ರತಿ ಕಡೆಯೂ ಪೂರ್ತಿ ತುಂಡು ಕೊಳ್ಳಬೇಕು. ನಾಲ್ವರಿದ್ದರೆ ಎರಡು ತುಂಡನ್ನು ಹಂಚಿಕೊಳ್ಳಬಹುದು, ಎರಡು ಬಗೆಯ ರುಚಿಯೂ ಸಿಗುತ್ತದೆ. ಒಬ್ಬೊಬ್ಬರ ಪಾಲಿಗೆ ಪ್ರತಿ ಅಂಗಡಿಯಲ್ಲಿ 40–50 ಗ್ರಾಂ, ಎಲ್ಲ ಸೇರಿ 150 ಗ್ರಾಂ ದಾಟದಂತೆ ನೋಡಿಕೊಂಡರೆ ಕೊನೆಯವರೆಗೂ ಓಡಬಹುದು. ಅಂಗಡಿಯಿಂದ ಅಂಗಡಿಗೆ 2ರಿಂದ 3 ಕಿ.ಮೀ. ಇರಲಿ. ಅದಕ್ಕಿಂತ ಹತ್ತಿರವಾದರೆ ಮೈ ಬಿಸಿಯಾಗುವಷ್ಟರಲ್ಲಿ ಮತ್ತೆ ಕೂರಬೇಕು, ದೂರವಾದರೆ ಗುಂಪಿನಲ್ಲಿ ನಿಧಾನದವರು ಹಿಂದೆ ಬೀಳುತ್ತಾರೆ.

ಸಮಯದ ಲೆಕ್ಕದಲ್ಲಿ ಎಲ್ಲರೂ ಎಡವುತ್ತಾರೆ. 10 ಕಿ.ಮೀ.ಯನ್ನು ಕಿಲೋಮೀಟರಿಗೆ 7 ನಿಮಿಷದಂತೆ ಓಡಿದರೆ 70 ನಿಮಿಷ. ಮೂರು ಅಂಗಡಿಗೆ ತಲಾ 20ರಂತೆ 60. ಸಿಗ್ನಲ್, ದಾರಿ ತಪ್ಪುವುದು, ಒಬ್ಬರ ಲೇಸ್ ಬಿಚ್ಚಿಕೊಳ್ಳುವುದು ಎಲ್ಲ ಸೇರಿ ಇನ್ನೊಂದು 15. ಎರಡೂಕಾಲು ಗಂಟೆಯ ಮೇಲೇ ಆಯಿತು. "ಒಂದೂವರೆ ಗಂಟೆಯಲ್ಲಿ ಬಂದುಬಿಡೋಣ" ಎಂದು ಕರೆದವರನ್ನು ನಂಬಬೇಡಿ.

ಅಂಗಡಿಗಳ ಸರದಿ ಹಗುರದಿಂದ ಭಾರಕ್ಕೆ: ಮೊದಲು ಸ್ಪಂಜೋ ಏಂಜೆಲ್ಲೋ, ನಡುವೆ ಒಣ ಬೆಣ್ಣೆ ಕೇಕು, ಕ್ರೀಮು ಕೊನೆಗೆ. ಇಲ್ಲೊಂದು ತೊಡಕಿದೆ. ಕ್ರೀಮಿನ ಕೇಕಿಗೆ ಹೆಸರಾದ ಅಂಗಡಿಯಲ್ಲೇ ಅದು ಬೇಗ ಖಾಲಿಯಾಗುವುದು. ಅದಕ್ಕೆ ಹೆದರಿ ಅದನ್ನೇ ಮೊದಲಿಗೆ ಹಾಕಿಕೊಂಡರೆ ಉಳಿದ ಓಟ ಹಾಳು. ಹಿಂದಿನ ದಿನವೇ ಫೋನ್ ಮಾಡಿ ಎರಡು ತುಂಡು ತೆಗೆದಿಡಲು ಹೇಳಿ; ಬರುವ ಗಂಟೆ ಹೇಳಿದರೆ ಅನೇಕ ಕಡೆ ಇಡುತ್ತಾರೆ.

ಗುಂಪು ಎಂಟಕ್ಕಿಂತ ದೊಡ್ಡದಾದರೆ ಎರಡು ಭಾಗ ಮಾಡಿ, 10–15 ನಿಮಿಷದ ಅಂತರದಲ್ಲಿ ಹೊರಡಿಸಿ. ಬೆವರಿದ 12 ಜನ ಒಮ್ಮೆಗೇ ಚಿಕ್ಕ ಅಂಗಡಿಗೆ ನುಗ್ಗಿದರೆ ಕೂರಲು ಜಾಗವೂ ಇಲ್ಲ, ಮುಂದಿನ ಸಲ ಸ್ವಾಗತವೂ ಇಲ್ಲ. ಪ್ರತಿ ಅಂಗಡಿಯಲ್ಲೂ ಒಬ್ಬರೇ ಬಿಲ್ ಕೊಡಲಿ, ಲೆಕ್ಕ ಮನೆಗೆ ಹೋದ ಮೇಲೆ.

ಕಟ್ಟಿಸಿಕೊಂಡು ಬರುವುದು

ಕೇಕ್ ಕೊಂಡು, ಬೆನ್ನಿಗೆ ಹಾಕಿಕೊಂಡು, ಮನೆಗೆ ಓಡಿಬಂದು ಸ್ನಾನ ಮಾಡಿ ನೆಮ್ಮದಿಯಾಗಿ ತಿನ್ನುವುದು. ಯೋಚನೆ ಚೆನ್ನಾಗಿದೆ. ಆದರೆ ನಿಧಾನ ಓಟದಲ್ಲಿ ಒಂದು ಹೆಜ್ಜೆ ಸುಮಾರು 1 ಮೀಟರು ಎಂದಿಟ್ಟುಕೊಳ್ಳಿ, 3 ಕಿ.ಮೀ.ಗೆ ಹೆಚ್ಚುಕಡಿಮೆ 3,000 ಹೆಜ್ಜೆ. ಪ್ರತಿ ಹೆಜ್ಜೆಗೂ ಬೆನ್ನು 6ರಿಂದ 10 ಸೆಂ.ಮೀ. ಮೇಲೆದ್ದು ಇಳಿಯುತ್ತದೆ. ಆ ಪೆಟ್ಟಿಗೆಯೊಳಗಿನ ಕೇಕ್ 3,000 ಸಲ ಕುಟ್ಟಿಸಿಕೊಂಡು ಮನೆ ಸೇರುತ್ತದೆ. ಜೊತೆಗೆ ಬೆನ್ನಿನ ಬಿಸಿ. ಬೆಣ್ಣೆ ಕರಗುವುದು 32ರಿಂದ 35 ಡಿಗ್ರಿಯಲ್ಲಿ, ಮೆತ್ತಗಾಗುವುದು ಅದಕ್ಕೂ ಎಷ್ಟೋ ಮೊದಲು. ಚಾಕೊಲೇಟಿನ ಕೋಕೋ ಬೆಣ್ಣೆಯೂ 34ರ ಆಸುಪಾಸಿನಲ್ಲೇ ಕರಗುತ್ತದೆ. ಓಡುತ್ತಿರುವ ಬೆನ್ನಿಗೆ ಒತ್ತಿಕೊಂಡ ಚೀಲದ ಒಳಮೈ ಅದಕ್ಕೆ ಸಮೀಪವೇ ಇರುತ್ತದೆ.

ಇನ್ನೊಂದು ಮರೆತುಹೋಗುವ ಸಂಗತಿ: ಬೆನ್ನಿನ ಚೀಲದಲ್ಲಿ ಪೆಟ್ಟಿಗೆ ಲಂಬವಾಗಿ ನಿಲ್ಲುತ್ತದೆ. ಕೇಕ್ ತುಂಡು ಮಲಗಿರಬೇಕಾದ್ದು ಗೋಡೆಗೆ ಒರಗಿ ನಿಂತಂತಾಗುತ್ತದೆ. ಪದರಗಳ ನಡುವೆ ಕ್ರೀಮ್ ಇದ್ದರೆ ಮೇಲಿನ ಪದರ ಜಾರಿ ಮುಚ್ಚಳಕ್ಕೆ ಅಂಟುತ್ತದೆ. ಮೂಸನ್ನು ಹಿಡಿದಿಡುವ ಜೆಲಟಿನ್ ಬಿಸಿಗೆ ಸಡಿಲವಾಗಿ ಇಡೀ ತುಂಡು ಕುಸಿಯುತ್ತದೆ. ಫಾಂಡಂಟ್, ಅಂದರೆ ಸಕ್ಕರೆಯ ಮೆತ್ತನೆಯ ಹಾಳೆ ಹೊದಿಸಿದ ಕೇಕು ಫ್ರಿಜ್ಜಿನಿಂದ ತೆಗೆದದ್ದಾದರೆ ಮೇಲ್ಮೈಯಲ್ಲಿ ಬೆವರೊಡೆದು ಅಂಟಂಟಾಗುತ್ತದೆ.

ಬೆನ್ನಮೇಲೆ ಬದುಕಿ ಬರುವವು ಕೆಲವೇ: ಪೌಂಡ್ ಕೇಕು, ಹಣ್ಣಿನ ಕೇಕು, ಐಸಿಂಗ್ ಇಲ್ಲದ ಬನಾನಾ ಕೇಕು, ಬ್ರೌನಿ, ಮಾಡ್ಲಿನ್. ಹಿಟ್ಟು, ಬೆಣ್ಣೆ, ಸಕ್ಕರೆ, ಮೊಟ್ಟೆ ನಾಲ್ಕೂ ಸಮತೂಕದಲ್ಲಿ ಹಾಕಿ ಮಾಡುವ ಪೌಂಡ್ ಕೇಕಿನ ಒಡಲು ಬಿಗಿ, ಅದಕ್ಕೇ ಪುಡಿಯಾಗುವುದಿಲ್ಲ. ಕಟ್ಟುವ ಕ್ರಮ ಹೀಗಿರಲಿ. ಹೋಳು ಮಾಡಿಸಬೇಡಿ, ಇಡಿಯಾಗಿಯೇ ಕೊಳ್ಳಿ, ಕತ್ತರಿಸಿದ ಅಂಚೇ ಮೊದಲು ಉದುರುವುದು. ಬಟರ್ ಪೇಪರಿನಲ್ಲಿ ಬಿಗಿಯಾಗಿ ಸುತ್ತಿಸಿ. ಮನೆಯಿಂದ ಒಯ್ದ ಗಟ್ಟಿ ಊಟದ ಡಬ್ಬಿಯೊಳಗಿಟ್ಟು, ಸುತ್ತ ಉಳಿದ ಸಂದಿಯಲ್ಲಿ ಟಿಶ್ಯೂ ತುರುಕಿ. ಡಬ್ಬಿ ಅಲ್ಲಾಡಿಸಿದಾಗ ಸದ್ದು ಬರಬಾರದು. ಡಬ್ಬಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಬೆನ್ನಿಗೂ ಡಬ್ಬಿಗೂ ನಡುವೆ ಮಡಿಸಿದ ಅಂಗಿ ಇಡಿ. ಎದೆಯ ಪಟ್ಟಿಯನ್ನೂ ಸೊಂಟದ ಪಟ್ಟಿಯನ್ನೂ ಬಿಗಿದರೆ ಚೀಲ ಮೈಗೆ ಅಂಟಿ ಕೂರುತ್ತದೆ. ಇದಕ್ಕೆಲ್ಲ 8ರಿಂದ 10 ಲೀಟರಿನ ಓಟದ ಚೀಲ ಸಾಕು. ಭುಜಕ್ಕೆ ಮಾತ್ರ ಪಟ್ಟಿ ಇರುವ ಶಾಲೆಯ ಚೀಲ ಬೇಡ, ಅದು ಕುಣಿಯುತ್ತದೆ, ಕತ್ತಿನ ಪಕ್ಕ ತರಚುತ್ತದೆ.

ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ಓಡುವುದನ್ನು ಮರೆತುಬಿಡಿ. ಒಂದು ಕೈ ಬೀಸದೆ ಓಡಿದರೆ ಮೈ ಒಂದು ಬದಿಗೆ ತಿರುಚಿ ಸೊಂಟ ನೋಯುತ್ತದೆ, ಮುಗ್ಗರಿಸಿದರೆ ಹಿಡಿದುಕೊಳ್ಳಲು ಕೈಯೂ ಇರುವುದಿಲ್ಲ.

ಹುಟ್ಟುಹಬ್ಬದ ಇಡೀ ಕ್ರೀಮ್ ಕೇಕ್ ತರಬೇಕೇ? ಹೋಗುವಾಗ ಓಡಿ, ಬರುವಾಗ ಟ್ಯಾಕ್ಸಿ. ಕಾರಿನ ಸೀಟು ಹಿಂದಕ್ಕೆ ವಾಲಿರುತ್ತದೆ, ಅದಕ್ಕೆ ಪೆಟ್ಟಿಗೆಯನ್ನು ಕಾಲ ಬಳಿ ನೆಲದ ಮೇಲಿಡಿ, ಅಲ್ಲೇ ಸಮತಟ್ಟು. ಹಾಲು, ಕ್ರೀಮ್ ಇರುವ ಕೇಕು ಫ್ರಿಜ್ಜಿನ ಹೊರಗೆ 2 ಗಂಟೆಗಿಂತ ಹೆಚ್ಚು ಇರಕೂಡದು. ಹೊರಗೆ 32 ಡಿಗ್ರಿ ದಾಟಿದ್ದರೆ 1 ಗಂಟೆ.

ತಿಂದು ಹೊರಡುವುದು

ಅಂಗಡಿಯಿಂದಲೇ ಓಟ ಶುರು ಮಾಡುವವರೂ ಇದ್ದಾರೆ. ಇದಕ್ಕೆ ಹೆಚ್ಚು ಹೇಳುವಂಥದ್ದಿಲ್ಲ. ತಿಂದ ಮೇಲೆ ಎರಡರಿಂದ ಮೂರು ಗಂಟೆ ಬಿಡಬೇಕು, ಅಷ್ಟು ಹೊತ್ತು ಅಂಗಡಿಯ ಆಸುಪಾಸಿನಲ್ಲಿ ಕೆಲಸವಿರುವವರಿಗೆ ಮಾತ್ರ ಸಲ್ಲುತ್ತದೆ. ಅರ್ಧ ಮುಕ್ಕಾಲು ಗಂಟೆ ಬಿಟ್ಟು ಹೊರಟರೆ ಕೆಲವರಿಗೆ ರಕ್ತದಲ್ಲಿ ಏರಿದ ಸಕ್ಕರೆ ಓಟದ ಆರಂಭದಲ್ಲೇ ಧಡಕ್ಕನೆ ಇಳಿದು ತಲೆ ಹಗುರಾದಂತೆ, ಕಾಲು ಸೋತಂತೆ ಆಗುವುದುಂಟು.

ಹೊತ್ತು ಗೊತ್ತು

ಓಡುವವರು ಬೆಳಗಿನ ಜಾವದವರು, ಕೇಕ್ ಅಂಗಡಿಗಳು ಅಷ್ಟು ಬೇಗ ಏಳುವುದಿಲ್ಲ. ಬ್ರೆಡ್ಡಿನ ಒಲೆ ಬೇಗ ಹೊತ್ತಬಹುದು; ಐಸಿಂಗ್ ಮಾಡಿ, ತಂಪಾಗಿಸಿ, ಕತ್ತರಿಸಿ ಷೋಕೇಸಿಗೆ ಬರುವ ಕೇಕಿಗೆ ಹೊತ್ತು ಬೇಕು. ಬಾಗಿಲು ತೆಗೆದ ಕೂಡಲೇ ಹೋದರೆ ಅರ್ಧ ಷೋಕೇಸು ಖಾಲಿ ಇರುತ್ತದೆ, ಸಂಜೆ ಹೋದರೂ ಇನ್ನೊಂದರ್ಧ ಖಾಲಿ.

ಆದ್ದರಿಂದ ಲೆಕ್ಕ ಅಂಗಡಿ ಮುಟ್ಟುವ ಹೊತ್ತಿನಿಂದ ಹಿಂದಕ್ಕೆ ಬರಲಿ. ಅಂಗಡಿ 10ಕ್ಕೆ ತೆಗೆಯುತ್ತದೆ, 10.20ಕ್ಕೆ ಮುಟ್ಟಬೇಕು ಎನ್ನಿ. 8 ಕಿ.ಮೀ., ಕಿಲೋಮೀಟರಿಗೆ 7 ನಿಮಿಷದಂತೆ 56. ಸಿಗ್ನಲ್ಲುಗಳಿಗೆ 8. ಕೊನೆಯ ಅರ್ಧ ಕಿಲೋಮೀಟರು ನಡಿಗೆಗೆ 6. ಒಟ್ಟು 70 ನಿಮಿಷ, ಹೊರಡಬೇಕಾದ್ದು 9.10ಕ್ಕೆ. ಬೇಸಿಗೆಯಲ್ಲಿ ಆ ಹೊತ್ತಿಗೆ ಬಿಸಿಲು ಏರಿರುತ್ತದೆ. ಆಗ ಎರಡೇ ದಾರಿ: ದೂರವನ್ನು 5 ಕಿ.ಮೀ.ಗೆ ಇಳಿಸುವುದು, ಇಲ್ಲವೇ ಸಂಜೆ ಓಡಿ ಮೊದಲೇ ತುಂಡು ಕಾದಿರಿಸುವುದು. ಬಿಸಿಲಲ್ಲಿ ಓಡಿ ಬೆಂದವರಿಗೆ ಕೇಕ್ ರುಚಿಸುವುದಿಲ್ಲ, ಅವರಿಗೆ ಬೇಕಾಗುವುದು ನೀರು ಮಾತ್ರ.

ಸಿಗ್ನಲ್ ತಪ್ಪಿಸಲು ನಕ್ಷೆಯಲ್ಲಿ ಉದ್ಯಾನ, ಕೆರೆ ಅಥವಾ ನದಿಯ ದಂಡೆ, ರೈಲು ಹಳಿಯ ಪಕ್ಕದ ಕಾಲುದಾರಿ ಹುಡುಕಿ. ಇವಕ್ಕೆ ಅಡ್ಡರಸ್ತೆ ಕಡಿಮೆ. ಅಂಗಡಿಗಳಿರುವ ಪೇಟೆಬೀದಿಗೆ ಕೊನೆಯ ಕಿಲೋಮೀಟರಿನಲ್ಲಷ್ಟೇ ಇಳಿಯಿರಿ, ನಡೆಯಬೇಕಾದ ಭಾಗವೂ ಅದೇ ಆಗಿರುತ್ತದೆ.

ವಾಚಿನ ಲೆಕ್ಕ, ಕ್ಯಾಲೊರಿಯ ಲೆಕ್ಕ

ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಸಂಕೇತ ಗೋಡೆಗೆ ಬಡಿದು ತಿರುಗಿ ಬರುವುದರಿಂದ ವಾಚು ರಸ್ತೆಯ ಆಚೆ ಬದಿಯಲ್ಲಿ, ಕೆಲವೊಮ್ಮೆ ಕಟ್ಟಡದೊಳಗೇ ನಿಮ್ಮನ್ನು ಓಡಿಸುತ್ತದೆ. ಅಂಗಡಿಯೊಳಗೆ ಕೂತಾಗ ವಾಚು ನಿಲ್ಲಿಸದಿದ್ದರೆ ಗುರುತು ಅಲ್ಲಲ್ಲೇ ಅಲೆದಾಡಿ ಓಡದ ದೂರವನ್ನೂ ಸೇರಿಸುತ್ತದೆ. ತಾನಾಗಿ ನಿಲ್ಲುವ ವ್ಯವಸ್ಥೆಯನ್ನು ನಂಬದೆ ಬಾಗಿಲಲ್ಲೇ ಕೈಯಾರೆ ನಿಲ್ಲಿಸಿ. ಹೊರಬಂದು ಒಂದು ನಿಮಿಷ ಬಯಲಲ್ಲಿ ನಿಂತು ಸಂಕೇತ ಹಿಡಿದ ಮೇಲೆ ಮತ್ತೆ ಚಾಲೂ ಮಾಡಿ. ದೂರ ಖಚಿತವಾಗಿ ಬೇಕಾದವರು ಮೊದಲೇ ನಕ್ಷೆಯ ಮೇಲೆ ಅಳೆದುಕೊಳ್ಳಲಿ.

ಓಟಕ್ಕೆ ತಗಲುವ ಶಕ್ತಿ ಹೆಚ್ಚುಕಡಿಮೆ ಒಂದು ಕಿಲೋ ತೂಕಕ್ಕೆ, ಒಂದು ಕಿಲೋಮೀಟರಿಗೆ 1 ಕಿಲೋಕ್ಯಾಲೊರಿ. 65 ಕಿಲೋದವರು 8 ಕಿ.ಮೀ. ಓಡಿದರೆ 520. ಐಸಿಂಗ್ ಇರುವ 120 ಗ್ರಾಂ ಕ್ಯಾರೆಟ್ ಕೇಕ್ ತುಂಡೂ ಅಷ್ಟೇ ಆಗುತ್ತದೆ. ವೇಗ ಹೆಚ್ಚಿಸಿದರೆ ದೂರಕ್ಕೆ ತಗಲುವ ಲೆಕ್ಕ ಹೆಚ್ಚು ಬದಲಾಗುವುದಿಲ್ಲ, ಹೊತ್ತು ಮಾತ್ರ ಕಡಿಮೆಯಾಗುತ್ತದೆ. ತೂಕ ಇಳಿಸಲೆಂದೇ ಓಡುವವರಿಗೆ ವಾರಕ್ಕೆ ಒಂದು ಸಲದ ಕೇಕ್ ಓಟ ಸಾಕು. ಉಳಿದವರು ಈ ಲೆಕ್ಕವನ್ನು ಮೇಜಿನ ಮೇಲೆ ತರದಿರುವುದೇ ಮರ್ಯಾದೆ.

ಎಚ್ಚರ ಬೇಕಾದವರು

ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರಿಗೆ ಓಟವೂ ಸಕ್ಕರೆ ಇಳಿಸುತ್ತದೆ, ಕೆಲವೊಮ್ಮೆ ಓಟ ಮುಗಿದು ಗಂಟೆಗಳ ಮೇಲೆ. ದಾರಿಯಲ್ಲಿ ಸಕ್ಕರೆ ಇಳಿದ ಲಕ್ಷಣ ಕಂಡರೆ ಕೇಕ್ ಅಂಗಡಿ ಎದುರಿಗಿದ್ದರೂ ಅದನ್ನು ನಂಬಬಾರದು. ಕೇಕಿನ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಜೇಬಿನಲ್ಲಿ 15 ಗ್ರಾಂ ಗ್ಲೂಕೋಸ್ ಇರಲೇಬೇಕು. ಎಷ್ಟು ದೂರ, ಎಷ್ಟು ಕೇಕ್ ಎಂಬುದನ್ನು ವೈದ್ಯರ ಜೊತೆ ಮಾತಾಡಿ ಗೊತ್ತುಮಾಡಿಕೊಳ್ಳಿ.

ಬೀಜ, ಗೋಧಿ, ಹಾಲು, ಮೊಟ್ಟೆಯ ಅಲರ್ಜಿ ಇರುವವರು ತಾವು ಕೊಳ್ಳುವ ಕೇಕಿನ ಬಗ್ಗೆ ಮಾತ್ರ ಕೇಳಿದರೆ ಸಾಲದು. ಒಂದೇ ಚಾಕುವಿನಿಂದ ಎಲ್ಲ ಕೇಕ್ ಕತ್ತರಿಸುತ್ತಾರೆಯೇ ಎಂದೂ ಕೇಳಿ. ಅಂಗಡಿಗೆ ಮೊದಲ ಸಲ ಫೋನ್ ಮಾಡುವಾಗಲೇ ಇದನ್ನೂ, ವಾರದ ರಜೆ ಯಾವತ್ತು, ಶೌಚಾಲಯ ಇದೆಯೇ, ಹೊರಗೆ ಕುರ್ಚಿ ಇವೆಯೇ, ತುಂಡು ಕಾದಿರಿಸುತ್ತಾರೆಯೇ ಎಂಬುದನ್ನೂ ಒಟ್ಟಿಗೆ ಕೇಳಿಬಿಡಿ. ಮಧ್ಯಾಹ್ನ ಊಟದ ಹೊತ್ತು ಬಿಟ್ಟು ಮಾಡಿದರೆ ಉತ್ತರಿಸಲು ಅವರಿಗೂ ಪುರುಸೊತ್ತಿರುತ್ತದೆ.